ಸೋಪಿನ ನೊರೆಗೆ ಹೆದರುವ ಫಿಟ್ಟರ್ ಅಣ್ಣನಿಗೆ

ಎಮರಾಲ್ಡ್, ನೀಲಗಿರಿ

ಸಕಲಕಲಾವಲ್ಲಭ ಫಿಟ್ಟರ್ ಅಣ್ಣನವರಿಗೆ ನಮಸ್ಕಾರ.

ನಲ್ಲಿ, ಮೋಟರ್, ಗೀಸರ್, ಗ್ಯಾಸು, ನಾಲ್ಕಕ್ಕೂ ಒಂದೇ ಸ್ಪ್ಯಾನರ್ ಹಿಡಿದು ಬರುವ ನಿಮ್ಮ ಧೈರ್ಯಕ್ಕೆ ಮೊದಲು ಕೈಮುಗಿಯುತ್ತೇನೆ. ಏಜೆನ್ಸಿಯ ಮೆಕ್ಯಾನಿಕ್‌ಗೆ ಹೇಳಿ ಅಂತ ನಮ್ಮವಳು ಅಂದಿದ್ದಳು. ‘ಅವರು ಯಾವಾಗ ಬರ್ತಾರೋ, ಬಂದರೆ ನೂರೆಂಟು ಪ್ರಶ್ನೆ’ ಎಂದು ನಿಮ್ಮನ್ನು ಕರೆದವನು ನಾನೇ. ಹಾಗಾಗಿ ಈ ಕಾಗದದಲ್ಲಿ ಬೈಗುಳ ಕಂಡರೆ ಅರ್ಧ ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ.

ಕೆಲಸ ದೊಡ್ಡದೇನಲ್ಲ. ಹಿಂದಿನ ಕೋಣೆಯನ್ನು ಟೂರಿಸ್ಟರಿಗೆ ಬಾಡಿಗೆ ಕೊಡೋಣವೆಂದು ಒಲೆಯನ್ನು ಈ ಗೋಡೆಯಿಂದ ಆ ಗೋಡೆಗೆ ಸರಿಸಬೇಕಿತ್ತು. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬು ಒಂದೂವರೆ ಮೀಟರ್ ದಾಟಬಾರದು, ನಡುವೆ ಜೋಡಣೆ ಇರಬಾರದು, ಗೋಡೆ ತೂರಬಾರದು, ಐದು ವರ್ಷಕ್ಕೊಮ್ಮೆ ಬದಲಾಗಬೇಕು. ಇವೆಲ್ಲ ನಿಯಮ ಓದಿಕೊಂಡವರ ಪಾಡು. ನೀವು ಎರಡು ಟ್ಯೂಬು ತೆಗೆದುಕೊಂಡಿರಿ. ಅದರಲ್ಲೊಂದು ನಮ್ಮ ಹಳೇದೇ. ನಡುವೆ ಕ್ಯಾರೆಟ್ ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರಿನ ಹಿತ್ತಾಳೆ ಜಾಯಿಂಟು. ಟ್ಯೂಬಿನ ತುದಿ ಹಿಗ್ಗಲೆಂದು ಲೈಟರಿನ ಉರಿಗೆ ಹಿಡಿದಿರಿ. ಕ್ಲಿಪ್ ಸಾಲದೆ ಬಂದ ಕಡೆ ಬೈಂಡಿಂಗ್ ವೈರು. ಅದರ ಮೇಲೆ ಬಿಳಿ ಟೇಪು ಸುತ್ತಿದ ಪರಿ ನೋಡಿದರೆ ಮುರಿದ ಕಾಲಿಗೆ ಪುತ್ತೂರು ಕಟ್ಟು ಹಾಕಿದ ಹಾಗಿತ್ತು. ಕೊನೆಗೆ ಇಷ್ಟೂ ಕಲೆಗಾರಿಕೆ ಯಾರ ಕಣ್ಣಿಗೂ ಬೀಳದಂತೆ ಕಪಾಟು ಅಡ್ಡ ತಳ್ಳಿದಿರಿ. ಎಂಥ ವಿನಯ!

‘ಟೆಸ್ಟ್ ಮಾಡಲ್ವಾ ಅಣ್ಣಾ?’ ಎಂದಳು ನಮ್ಮವಳು. ಕಪಾಟನ್ನು ಒಂದಿಷ್ಟು ಎಳೆದು, ಜೇಬಿಂದ ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಿ, ಜಾಯಿಂಟಿನ ಸುತ್ತ ಮಂಗಳಾರತಿ ಎತ್ತಿದಿರಿ. ‘ನೋಡಿ, ಹತ್ತಿಕೊಳ್ಳಲಿಲ್ಲ. ಒಣ್ಣುಂ ಆಗಾದು, ಏನೂ ಆಗಲ್ಲ ಸಾರ್.’

ನೀವು ಬೈಕ್ ಹತ್ತಿ ಹೋದ ಮೇಲೆ ಅವಳು ಬಟ್ಟಲಲ್ಲಿ ಸೋಪಿನ ಪುಡಿ ಕಲಸಿದಳು. ನನ್ನ ಹಳೇ ಷೇವಿಂಗ್ ಬ್ರಷ್ಷಿನಿಂದ ನೊರೆ ಎತ್ತಿ ಆ ಪುತ್ತೂರು ಕಟ್ಟಿಗೆ ಬಳಿದಳು. ಒಂದು ನಿಮಿಷ ಏನಿಲ್ಲ. ಆಮೇಲೆ ಟೇಪಿನ ಅಂಚಲ್ಲಿ ಅವರೆಕಾಳಿನಷ್ಟು ಒಂದು ಗುಳ್ಳೆ ಎದ್ದಿತು, ಕಪ್ಪೆಯ ಗಂಟಲ ಹಾಗೆ ಉಬ್ಬಿತು, ಒಡೆಯಿತು. ಅದೇ ಜಾಗದಲ್ಲಿ ಮತ್ತೊಂದು. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು, ಲೈಟಿನ ಸ್ವಿಚ್ಚು ಮುಟ್ಟದೆ ಅಂಗಳಕ್ಕೆ ಬಂದು ನಿಮಗೆ ಫೋನ್ ಮಾಡಿದೆ. ನೀವು ಹೇಳಿದ್ದು ಬರೆದಿಟ್ಟುಕೊಂಡಿದ್ದೇನೆ: ‘ಅದು ಸೋಪಿನ ಗುಳ್ಳೆ ಸಾರ್, ಗ್ಯಾಸಿಂದಲ್ಲ. ವಾಸನೆ ಬಂದ್ರೆ ಒಂದು ಊದುಬತ್ತಿ ಹಚ್ಚಿ.’

ಊದುಬತ್ತಿ! ವಾಸನೆಯೇ ಇಲ್ಲದ ಗ್ಯಾಸಿಗೆ ನಮ್ಮ ಮೂಗು ಎಚ್ಚರವಾಗಲೆಂದೇ ಈಥೈಲ್ ಮರ್ಕಾಪ್ಟಾನ್ ಎಂಬ ಕೊಳೆತ ನಾತ ಬೆರೆಸಿ ಕಳಿಸುತ್ತಾರೆ. ಪಾಪ, ಅವರಿಗೆ ನಿಮ್ಮ ಪರಿಚಯವಿಲ್ಲ.

ನಮ್ಮೂರ ಅಣೆಕಟ್ಟೆಯ ಕಡೆ ಬೆಳಗಿನ ಹೊತ್ತು ನೋಡಿದ್ದೀರಲ್ಲ, ಮಂಜು ಹೇಗೆ ತಗ್ಗು ಹುಡುಕಿ ಕೂರುತ್ತದೆ? ಸಿಲಿಂಡರಿನ ಗ್ಯಾಸೂ ಹಾಗೇ, ಗಾಳಿಗಿಂತ ಭಾರ. ಕಪಾಟಿನಡಿ, ಮಂಚದಡಿ ಹರಿದು ನೆಲ ಹಿಡಿಯುತ್ತದೆ. ನೂರು ಪಾಲು ಗಾಳಿಯಲ್ಲಿ ಎರಡು ಪಾಲು ಸೇರಿದರೆ ಸಾಕು, ಆಮೇಲೆ ಕಿಡಿಯೊಂದೇ ಬಾಕಿ. ಅದೂ ಎಮರಾಲ್ಡಿನಲ್ಲಿ! ಡಿಸೆಂಬರಿನ ಚಳಿಗೆ ಬಾಗಿಲ ಸಂದಿಗೂ ಗೋಣಿ ತುರುಕುವವರು ನಾವು. 2019ರ ಆಗಸ್ಟಿನಲ್ಲಿ ಪಕ್ಕದ ಅವಲಾಂಚಿಯಲ್ಲಿ ಒಂದೇ ದಿನಕ್ಕೆ 80 ಸೆಂಟಿಮೀಟರಿಗೂ ಮೀರಿ ಮಳೆ ಹೊಯ್ದಾಗ ಮೊಳೆ ಹೊಡೆದ ನಮ್ಮ ಅಡುಗೆಮನೆ ಕಿಟಕಿಯನ್ನು ಮೊನ್ನೆ ಆ ಗುಳ್ಳೆ ಎದ್ದ ದಿನವೇ ಕಿತ್ತು ತೆಗೆದದ್ದು.

ಹಿತ್ತಾಳೆ ಜಾಯಿಂಟಿನ ಮಾತು ಬಂದದ್ದಕ್ಕೆ ಇದೊಂದು. 1968ರ ಮೇ 16, ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಹೊಚ್ಚ ಹೊಸ ಕಟ್ಟಡ. 18ನೇ ಅಂತಸ್ತಿನಲ್ಲಿ ಒಬ್ಬಾಕೆ ಬೆಳಗಿನ ಟೀಗೆಂದು ಕಡ್ಡಿ ಗೀರಿದರು. ಕಟ್ಟಡದ ಒಂದು ಮೂಲೆ ಪೂರ್ತಿ ಕುಸಿದು ನಾಲ್ವರು ಸತ್ತರು. ಗೋಡೆಗಳ ಜೋಡಣೆಯೂ ಬಡವಾಗಿತ್ತು, ನಿಜ. ಆದರೆ ಗ್ಯಾಸು ಸೋರಿದ್ದು ಒಲೆಗೆ ಪೈಪು ಸೇರಿಸಿದ್ದ ಒಂದು ಕಳಪೆ ಹಿತ್ತಾಳೆ ನಟ್ಟಿನಿಂದ. ಅದನ್ನು ಬಿಗಿದವರು ‘ಒಣ್ಣುಂ ಆಗಾದು’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಿದ್ದರೋ.

ಇನ್ನೊಂದು ವಿದ್ಯೆಯನ್ನು ಮರೆತೇನು. ಹಿಮ ಬಿದ್ದ ಬೆಳಗ್ಗೆ ಉರಿ ಸಣ್ಣಗಾಗುತ್ತದೆ, ಸಿಲಿಂಡರನ್ನು ಬಿಸಿನೀರಿನ ಟಬ್ಬಲ್ಲಿ ಕೂರಿಸಿ ಎಂದಿದ್ದಿರಿ. ಸೊನ್ನೆ ಡಿಗ್ರಿಯ ಹತ್ತಿರ ಬ್ಯೂಟೇನ್ ಆವಿಯಾಗಲು ಮುನಿಸಿಕೊಳ್ಳುವುದು ಸರಿಯೇ. ಅದಕ್ಕೆ ಒತ್ತಡ ತುಂಬಿದ ಪಾತ್ರೆಗೆ ಅಭ್ಯಂಜನ ಮಾಡಿಸಬೇಕೆ? ಬಿಸಿಲು ಬರುವ ತನಕ ಕಾದು ಟೀ ಕುಡಿಯುತ್ತೇವೆ.

ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಫೋನ್ ಮಾಡಿದ್ದಾಯಿತು. ಮೆಕ್ಯಾನಿಕ್ ಬಂದು ನೋಡಿ, ಒಲೆಯನ್ನು ಹಳೇ ಗೋಡೆಗೇ ಕಳಿಸಿದ. ನೂರೆಂಟಲ್ಲ, ಕೇಳಿದ್ದು ಒಂದೇ ಪ್ರಶ್ನೆ: ‘ಇದನ್ನ ಯಾರು ಮಾಡಿದ್ದು?’ ನಿಮ್ಮ ಹೆಸರು ಹೇಳಲಿಲ್ಲ.

ನಿಮ್ಮ ಬಾಕಿ 300 ರೂಪಾಯಿ ಕಪಾಟಿನ ಮೇಲಿದೆ, ಸ್ಪ್ರೇಯರಿನ ಜಾಯಿಂಟೂ ಅಲ್ಲೇ ಇದೆ, ಬಂದು ತೆಗೆದುಕೊಳ್ಳಿ. ಬೆಂಕಿಪೊಟ್ಟಣ ಮಾತ್ರ ಬೈಕಿನಲ್ಲೇ ಬಿಟ್ಟು ಒಳಗೆ ಬನ್ನಿ.

ಇಂತಿ,
ನಿಮ್ಮ ಹಳೇ ಗಿರಾಕಿ