ಕೇಶಗ್ರಂಥ ಸಂಪಾದನೆ: ಒಂದು ಮಧ್ಯಾಹ್ನದ ಪೀಠಿಕೆ

ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದವರು 1919ರಲ್ಲಿ ಮಹಾಭಾರತದ ಸಂಶೋಧಿತ ಆವೃತ್ತಿಗೆ ಕೈಹಾಕಿ 1966ರಲ್ಲಿ ಮುಗಿಸಿದರು. ಅದೇ ಊರಿನ ಕೋಥರೂಡಿನಲ್ಲಿ, ಧಾರವಾಡದಿಂದ ಬಂದ ನಾನು ನನ್ನ ತಲೆಗೂದಲಿನ ಸಂಪಾದನೆಗೆ ಕೂತಿದ್ದೇನೆ. ಕೂತಿದ್ದೇನೆ ಅನ್ನುವುದು ಶಾಸ್ತ್ರಕ್ಕೆ, ಮಲಗಿದ್ದೇನೆ. ಪೇಟೆಯ ಅಂಗಡಿಗಳ ಬಾಗಿಲಲ್ಲಿ ‘1 ತೇ 4 ಬಂದ್’ ಎಂಬ ಪಾಟಿ ತೂಗುವ ಹೊತ್ತೇ ನನ್ನ ಕಾರ್ಯಾಲಯದ ವೇಳೆ. ಅವ್ವ ಹಳೇ ಇಳಕಲ್ಲ ಸೀರೆಗಳಿಂದ ಹೊಲಿದ ಕೌದಿ, ಎಡಮಗ್ಗುಲು, ‘ಐದೇ ನಿಮಿಷ’ ಎಂಬ ಮಂಗಳಾಚರಣೆ.

ಮೂಲಪ್ರತಿಗಳು ಮೂರು. ಮದುವೆ ಫೋಟೋ (ಮ), ಪಾಸ್‌ಪೋರ್ಟು (ಪ), ಆಧಾರ್ (ಆ). ‘ಮ’ದಲ್ಲಿ ಹಣೆಗಿಳಿದ ಕ್ರಾಪು. ‘ಪ’ದಲ್ಲಿ ಎಡಗಿವಿಯಿಂದ ಬಲಗಿವಿಗೆ ಕಟ್ಟಿದ ಸೇತುವೆ. ‘ಆ’ ಯಾರದೆಂದು ಇನ್ನೂ ನಿರ್ಧಾರವಾಗಿಲ್ಲ. ಮಗಳ ಮದುವೆಯ ಆಲ್ಬಮ್ಮಿನ ಕಪ್ಪು ಇಡಿಯಾಗಿ ಪ್ರಕ್ಷಿಪ್ತ. ದಿಂಬಿನ ಗವಸಿನ ಕಲೆಯೇ ಸಾಕ್ಷಿ.

ಭಾರತಕ್ಕೆ ಉತ್ತರದ ಪಾಠ, ದಕ್ಷಿಣದ ಪಾಠ ಎಂಬ ಎರಡು ಪರಂಪರೆ. ದಕ್ಷಿಣದ್ದು ಹೆಚ್ಚು ಬೆಳೆದದ್ದು. ನನ್ನಲ್ಲೂ ನೆತ್ತಿಯ ಉತ್ತರಪಾಠ ಸವೆದಷ್ಟೂ ಕಿವಿ-ಮೂಗಿನ ದಕ್ಷಿಣಪಾಠ ಹುಲುಸಾಗುತ್ತಿದೆ. “ಕಾನಾಚೇ ಪಣ ಕಾಢೂ ಕಾ, ಆಜೋಬಾ?” (ಕಿವಿಯವೂ ತೆಗೀಲೇನು, ಅಜ್ಜಾ?) ಎಂದು ಕೇಳಿದ ಕ್ಷೌರದಂಗಡಿಯ ಹುಡುಗ. ಹೋದ ದೀಪಾವಳಿಯವರೆಗೆ ಅವನಿಗೆ ನಾನು ಕಾಕಾ. ಈ ಪಾಠಾಂತರವನ್ನು ಅಡಿಟಿಪ್ಪಣಿಗೆ ತಳ್ಳಿದ್ದೇನೆ.

ಮಹಾಭಾರತದ ಆ ಆವೃತ್ತಿಯ ಪ್ರಧಾನ ಸಂಪಾದಕ ವಿ. ಎಸ್. ಸುಕ್ಥಂಕರರು ಗಾತ್ರದಲ್ಲಿ ಚಿಕ್ಕದಾದ ಕಾಶ್ಮೀರದ ಶಾರದಾ ಪಾಠಕ್ಕೆ ಹೆಚ್ಚು ಮನ್ನಣೆ ಕೊಟ್ಟರು. ಕೈಯಿಂದ ಕೈಗೆ ಹೋದಂತೆ ಗ್ರಂಥ ಉಬ್ಬುತ್ತದಲ್ಲ. ಈ ಸೂತ್ರವನ್ನು ನೆತ್ತಿಗೆ ಹಚ್ಚಿ ನೋಡಿ. ತೊಟ್ಟಿಲಲ್ಲಿದ್ದಾಗ ನನ್ನದು ಬರೀ ಬುರುಡೆಯೆಂದು ಅವ್ವ ಹೇಳುತ್ತಿದ್ದಳು. ನಡುವೆ ಬಂದದ್ದೆಲ್ಲ ಲಿಪಿಕಾರರ ಕೈವಾಡ. ನಾನು ಮೂಲಪಾಠದ ಹತ್ತಿರ ಹತ್ತಿರ ಸರಿಯುತ್ತಿದ್ದೇನೆ.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜವೆನ್ನುತ್ತಾರೆ ಚರ್ಮವೈದ್ಯರು. ಆ ಐಶ್ವರ್ಯ ನನಗೆಲ್ಲಿ? ಇಂದು ದಿಂಬಿನ ಮೇಲೆ ಸಿಕ್ಕದ್ದು ಮೂರು. ಎರಡು ಬಿಳಿ, ಗಿಡ್ಡ, ನನ್ನವೇ. ಮೂರನೆಯದು ಮೊಳದುದ್ದ, ಮನೆಯವಳದು. ಇದಕ್ಕೆ ಸಂಪಾದನಶಾಸ್ತ್ರದಲ್ಲಿ ಪಾಠಸಂಕರ ಅನ್ನುತ್ತಾರೆ.

ಭಾರತಕ್ಕೆ 47 ವರ್ಷ ಹಿಡಿದ ಲೆಕ್ಕದಲ್ಲಿ ನನ್ನ ಆವೃತ್ತಿ ಮುಗಿಯುವಾಗ ನನಗೆ 113. ಅಸಾಧ್ಯವೇನಲ್ಲ, ನಮ್ಮ ಬಡಾವಣೆಯಲ್ಲಿ ಪುತ್ಥಳಿಯಾಗಿ ನಿಂತ ಮಹರ್ಷಿ ಧೋಂಡೋ ಕೇಶವ ಕರ್ವೆ 104 ವರ್ಷ ಬಾಳಿದವರು. ಅವರ ಹೆಸರಿನಲ್ಲೇ ಕೇಶವಿತ್ತು, ಅದು ಬೇರೆ ಮಾತು.

“ಏಳ್ರೀ, ನಾಲ್ಕಾತು. ಹಾಸಿಗಿ ಝಾಡಸಬೇಕು.”

ಮೂರೂ ಮಾದರಿಗಳು ಗ್ಯಾಲರಿಯಿಂದ ಕೆಳಗೆ ಹಾರಿದವು.