ಹಸಿರು ಟೊಪ್ಪಿಯ ಹೆದ್ದಾರಿಯವರಿಗೆ

ಶ್ರೀಯುತ ರಾಜ್ಯ ಹೆದ್ದಾರಿ 52ರವರಿಗೆ,

ಇತ್ತ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮಸಮಾಚಾರಕ್ಕೆ ಕಾಗದ ಬರೆಯುವ ತೊಂದರೆ ಬೇಡ. ಕುಂದಾಪುರದಿಂದ ಬಸ್ಸಲ್ಲಿ ಬಂದಿಳಿದವರ ಸೊಂಟವೇ ಎಲ್ಲ ಹೇಳುತ್ತದೆ.

ಹಿರಿದು ದಾರಿ ಹೆದ್ದಾರಿ, ಕರ್ಮಧಾರಯ ಸಮಾಸ ಎಂದು ಮೇಷ್ಟ್ರು ಕಲಿಸಿದ್ದರು. ಹುಲಿಕಲ್ ಘಾಟಿಯ ತಿರುವಿನಲ್ಲಿ ಎದುರಿಗೆ ಲಾರಿ ಬಂದು ನಮ್ಮ ಬಸ್ಸು ಹಿಂದಕ್ಕೆ ಸರಿಯುವಾಗೆಲ್ಲ ಸಮಾಸ ಬಿಡಿಸುತ್ತೇನೆ. 'ಹಿರಿದು' ಸಿಕ್ಕುವುದಿಲ್ಲ. ಕರ್ಮ ಮಾತ್ರ ಕೈಗೆ ಬರುತ್ತದೆ.

ತೀರ್ಥಹಳ್ಳಿ ಬಿಟ್ಟು ಯಡೂರು, ಮಾಸ್ತಿಕಟ್ಟೆ, ಹುಲಿಕಲ್ ದಾಟಿ ಹೊಸಂಗಡಿಗೆ ಇಳಿಯುತ್ತೀರಿ. ಅದೇ ಗುಡ್ಡದಲ್ಲಿ ವಾರಾಹಿ ನದಿಯ ನೀರಿಗೆ ಬಂಡೆ ಕೊರೆದು ಕೆಳಕ್ಕೆ ದಾರಿ ಮಾಡಿಕೊಟ್ಟು, ನೆಲದೊಳಗೆ 460 ಮೆಗಾವಾಟಿನ ವಿದ್ಯುದಾಗಾರ ಕಟ್ಟಿದ್ದಾರೆ. ಮತದಾರರ ಪಟ್ಟಿಯಲ್ಲಿ ಹೆಸರೇ ಇಲ್ಲದ ನೀರಿಗೆ ಇಷ್ಟು ಉಪಚಾರ! ನಮಗೆ ಚಂಡಿಕಾಂಬೆ ಇದ್ದಾಳೆ. ಘಾಟಿಯ ಗುಡಿಯೆದುರು ಡ್ರೈವರು ಬಸ್ಸು ನಿಲ್ಲಿಸಿ ಕೈಮುಗಿದು, ಕಾಣಿಕೆ ಹಾಕಿಯೇ ಮುಂದೆ ಹೋಗುವುದು. ನಿಮ್ಮ ಸುರಕ್ಷತೆಗೆ ತಪ್ಪದೆ ಬಿಡುಗಡೆಯಾಗುವ ಅನುದಾನ ಅದೊಂದೇ. ಮಳೆಗಾಲದಲ್ಲಿ ಧರೆ ಕುಸಿದರೆ ಅವಳೂ ಏನು ಮಾಡಿಯಾಳು, ಪಾಪ.

ನಿಮ್ಮ ಕುಲಬಾಂಧವರ ನಿಜವಾದ ಪ್ರತಾಪ ನಾನು ಕಂಡದ್ದು 2017ರಲ್ಲಿ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಕೂಡದೆಂದು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಹೇಳಿತ್ತಲ್ಲ. ಸಣ್ಣ ಊರುಗಳಿಗೆ ಆಮೇಲೆ 220 ಮೀಟರ್ ಎಂದು ರಿಯಾಯಿತಿಯೂ ಸಿಕ್ಕಿತು. ಗುಂಡಿ ಮುಚ್ಚಲು ಹತ್ತು ವರ್ಷ ಕಡತ ಹಿಡಿದು ಅಲೆದವರ ಕಣ್ಣೆದುರೇ, ದೇಶದ ಎಷ್ಟೋ ಕಡೆ ಹೆದ್ದಾರಿಗಳು ಒಂದು ಸಹಿಗೆ ಬಿರುದು ಕಳಚಿಟ್ಟು ಜಿಲ್ಲಾ ರಸ್ತೆ, ನಗರ ರಸ್ತೆಗಳಾಗಿಬಿಟ್ಟವು. ಡಾಂಬರು ಅಲ್ಲೇ, ತಿರುವು ಅಲ್ಲೇ, ಅಂಗಡಿಯೂ ಅಲ್ಲೇ. ಕೇರಳದ ಪರವೂರಿನ ಬಾರೊಂದು ಇನ್ನೂ ಜಾಣ: ತನ್ನ ಅಂಗಳದಲ್ಲೇ ಸುತ್ತುಬಳಸಿನ ಕಾಲುದಾರಿ ಕಟ್ಟಿ ದೂರವನ್ನು ಹಿಗ್ಗಿಸಿಕೊಂಡಿತು. ನಿಮ್ಮ ಹುಲಿಕಲ್ ಘಾಟಿಯ ತಿರುವುಗಳನ್ನು ನೋಡಿಯೇ ಕಲಿತಿರಬೇಕು. (ಗುರುದಕ್ಷಿಣೆ ಏನಾದರೂ ಬಂತೇ?)

ನಿಮ್ಮ ಕಿಲೋಮೀಟರ್ ಕಲ್ಲಿನ ಹಸಿರು ಟೊಪ್ಪಿಗೆ ಎಂದಾದರೂ ರಾಷ್ಟ್ರೀಯದ ಹಳದಿ ಬಳಿಯುವರೋ ಏನೋ. ಹಿಗ್ಗಬೇಡಿ. ಕುಂದಾಪುರದಲ್ಲಿ ನಿಮಗೆ ಸಿಗುವ 66ನ್ನು ಕೇಳಿ ನೋಡಿ: ಅದೂ ಮೊದಲು 17 ಆಗಿತ್ತು. ಶಿರಾಡಿ ಘಾಟಿಯ 48 ಈಗ 75. ಆ 48 ಎಲ್ಲಿ ಹೋಯಿತು ಎಂದರೆ, ಹುಬ್ಬಳ್ಳಿಗೆ ಹೋಗುವ ಹಳೆಯ ನಾಲ್ಕರ ಮೈಮೇಲೆ ಬಂದಿದೆ. ಪೇಂಟರಿಗೆ ಕೂಲಿ ಸಿಕ್ಕಿತು, ಅಷ್ಟೇ.

ಒಂದೇ ಅರಿಕೆ. ಜೂನ್ ಹುಟ್ಟುವ ಮೊದಲು ನಮ್ಮ ತಿರುವಿನ ಚರಂಡಿಯ ಮಣ್ಣು ತೆಗೆಸಿಕೊಡಿ. ಅದಾಗದಿದ್ದರೆ ಅಲ್ಲೊಂದು ಬಾರಿಗೆ ಪರವಾನಗಿ ಕೊಡಿಸಿ; ಟೇಪು ಹಿಡಿದು ಅಳೆಯುವುದಕ್ಕಾದರೂ ಸಾಹೇಬರು ಬಂದಾರು.

ಇಂತಿ,
ಹಿಂದಿನ ಸೀಟಿನ ಪ್ರಯಾಣಿಕ