ಹವಳಕ್ಕೂ ಬಾಳೆ ನೆರಳು

ಫ್ರೀಮಾಂಟಿನ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಉಪಚಾರ ಮಾಡಿಸಿಕೊಳ್ಳುವುದು ಹೆಬ್ಬೆರಳಿನಷ್ಟಿರುವ ಒಂದು ಹವಳ. ಕಣ್ಣಿಲ್ಲ, ಕಾಲಿಲ್ಲ, ಬಾಯಿಯಿದ್ದರೂ ಮಾತಿಲ್ಲ. ಆದರೂ ತಾನೆಲ್ಲಿ ಕೂರಬೇಕೆಂಬ ವಿಷಯದಲ್ಲಿ ಮದುವೆಮನೆಗೆ ಬಂದ ಹಿರಿಯ ಬೀಗರಿಗಿಂತ ಒಂದು ಕೈ ಮೇಲು. ಜಾಗ ಹಿಡಿಸಲಿಲ್ಲವೆಂದರೆ ಬೀಗರು ಮುಖ ಊದಿಸುತ್ತಾರೆ, ಇದು ಮುದುಡಿಕೊಳ್ಳುತ್ತದೆ.

ಶಿರಸಿಯಿಂದ ಆರು ತಿಂಗಳಿಗೆಂದು ಬಂದ ಅಮ್ಮ ಮೊದಲ ದಿನವೇ ನಾಲ್ಕಡಿಯ ಗಾಜಿನ ತೊಟ್ಟಿಯನ್ನು ಅತ್ತಿತ್ತ ಬಗ್ಗಿ ನೋಡಿ, “ಹವಳ ಅಂದ್ಯಲ್ಲ, ಎಲ್ಲಿ?” ಎಂದಳು. ತೋರಿಸಿದೆ. ಕಂದು, ಹಸಿರು, ನೇರಳೆ ಬಣ್ಣದ ಅಂಟುಅಂಟು ಜೀವಿಗಳನ್ನು ಕಂಡು ಅವಳಿಗೆ ನನ್ನ ಬಗ್ಗೆಯೇ ಕನಿಕರ ಬಂದಿರಬೇಕು. ಕೊರಳಿನ ಸರವನ್ನು ಈಚೆ ತೆಗೆದು, ಕರಿಮಣಿಯ ನಡುವಿನ ಕೆಂಪು ಮಣಿ ತೋರಿಸಿ, “ಇದಪ್ಪಾ ಹವಳ. ನಿಂಗೆ ಯಾರೋ ಟೋಪಿ ಹಾಕಿದಾರೆ” ಎಂದಳು.

ಇಬ್ಬರದೂ ಸರಿಯೇ. ಅವಳ ಕೊರಳಿನ ಕೆಂಪು ಹವಳದ ಮೂಲ ಮೆಡಿಟರೇನಿಯನ್ ಸಮುದ್ರ. ಅದು ಅಲ್ಲಿನ ಗುಹೆಗಳ ಮಬ್ಬಿನಲ್ಲಿ, ಆಳದ ಕತ್ತಲಲ್ಲಿ ಬೆಳೆಯುವಂಥದ್ದು. ಬೆಳಕಿನ ಹಂಗಿಲ್ಲ. ನನ್ನವು ಹಾಗಲ್ಲ. ಇವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ಬಿಡಾರ ಹೂಡಿವೆ. ಬೆಳಕಿನಲ್ಲಿ ಅವು ಅಡುಗೆ ಮಾಡುತ್ತವೆ, ಹೆಚ್ಚಿನ ಪಾಲನ್ನು ಮನೆ ಯಜಮಾನನಿಗೆ ಬಡಿಸುತ್ತವೆ. ಬೆಳಕು ಕಡಿಮೆಯಾದರೆ ಹವಳಕ್ಕೆ ಉಪವಾಸ. ಅತಿಯಾದರೆ ಅಡುಗೆಮನೆಯಲ್ಲೇ ವಿಷ ಹುಟ್ಟಿ, ಯಜಮಾನ ಅಡುಗೆಯವರನ್ನೇ ಹೊರಗಟ್ಟುತ್ತಾನೆ. ಬಣ್ಣವೆಲ್ಲ ಅವರ ಜೊತೆ ಹೋಗಿ, ಉಳಿಯುವುದು ಬಿಳಿಚಿಕೊಂಡ ಮೈ.

ಇದನ್ನು ನಾನು ಕಲಿತದ್ದು ಹಣ ಕಳೆದುಕೊಂಡು. ಹೊಸ ಎಲ್‌ಇಡಿ ದೀಪ ಬಂದ ದಿನ ಅದನ್ನು ನೂರಕ್ಕೆ ನೂರು ತಿರುಗಿಸಿ, ಹೊಸದಾಗಿ ತಂದ ಅಕ್ರೊಪೊರ ಎಂಬ ಹವಳವನ್ನು ಕಲ್ಲಿನ ನೆತ್ತಿಯ ಮೇಲೆ ಅಂಟಿಸಿದ್ದೆ. ಅಂಟು ಮತ್ತೇನಲ್ಲ, ಚಪ್ಪಲಿ ಹರಿದರೆ ಹಚ್ಚುತ್ತೇವಲ್ಲ, ಅದೇ ಜಾತಿಯದು, ನೀರಿನಲ್ಲೂ ಹಿಡಿಯುತ್ತದೆ. ವಾರದೊಳಗೆ ಅಕ್ರೊಪೊರ ಶಂಖದಷ್ಟು ಬಿಳಿ. ಪಕ್ಕದಲ್ಲಿ ಅಂದಕ್ಕೆಂದು ಕೂರಿಸಿದ್ದ ಅಣಬೆ ಹವಳ ಒಣದ್ರಾಕ್ಷಿಯಾಗಿತ್ತು. ಹೆದರಿ, ಉಳಿದ ಇನ್ನೊಂದು ಅಕ್ರೊಪೊರವನ್ನು ತಳದ ಮರಳಿಗೆ ಇಳಿಸಿದೆ. ಅದು ಬೆಳಕು ಸಾಲದೆ ಕಾಫಿ ಚರಟದ ಬಣ್ಣಕ್ಕೆ ತಿರುಗಿತು.

ಕೊನೆಗೆ ಬೆಳಕು ಅಳೆಯುವ ಪಾರ್ ಮೀಟರನ್ನು ಬಾಡಿಗೆಗೆ ತಂದೆ. ತುದಿಯಲ್ಲಿ ಕಣ್ಣಿರುವ ಕೋಲನ್ನು ತೊಟ್ಟಿಗೆ ಅದ್ದಿ ಅದ್ದಿ, ತಳದ ಮರಳಲ್ಲಿ 60, ನಡುವಿನ ಕಲ್ಲಲ್ಲಿ 130, ನೆತ್ತಿಯಲ್ಲಿ 320 ಎಂದು ಬರೆದುಕೊಂಡೆ. ಚದರ ಮೀಟರಿಗೆ, ಸೆಕೆಂಡಿಗೆ, ಇಷ್ಟು ಮೈಕ್ರೊಮೋಲ್ ಬೆಳಕು ಎಂಬ ಲೆಕ್ಕ. ಅದರ ನಕ್ಷೆಯನ್ನು ಬಣ್ಣದ ಪೆನ್ನಿನಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಹೆಂಡತಿಯ ಹಾಲಿನ ಲೆಕ್ಕ ಅದರ ಅಡಿಗೆ ಹೋಯಿತು. ಆ ಪ್ರಸಂಗ ಇಲ್ಲಿ ಬೇಡ.

ಅಮ್ಮ ಕನ್ನಡಕ ಏರಿಸಿ ನಕ್ಷೆ ನೋಡಿದಳು. ತೊಟ್ಟಿ ನೋಡಿದಳು. “ಇದು ತೋಟ ತಾನೇ? ಮೇಲೆ ಅಡಿಕೆ, ಮೈಗೆ ಮೆಣಸಿನ ಬಳ್ಳಿ, ಬುಡದಲ್ಲಿ ಏಲಕ್ಕಿ. ನೀನು ಏಲಕ್ಕಿ ಒಯ್ದು ಅಡಿಕೆ ಮರದ ಕೊನೆಗೆ ಕಟ್ಟಿದೀಯ!”

ನನ್ನ ನಕ್ಷೆ ಹೇಳುತ್ತಿದ್ದುದೂ ಅಷ್ಟೇ. ಅಣಬೆ ಹವಳ ಕೆಳಗೆ, ಮಾಂಸಲವಾದ ಸುತ್ತಿಗೆ ಹವಳ ನಡುವೆ, ಕಡ್ಡಿಕಡ್ಡಿ ಅಕ್ರೊಪೊರ ಮೇಲೆ. ಬಾಡಿಗೆಯ ದುಡ್ಡು ನೆನೆದು ಸುಮ್ಮನಿದ್ದೆ. ಅವಳು ಬಿಡಲಿಲ್ಲ. “ಅಡಿಕೆಗೆ ಬಿಸಿಲು ಬೇಕು ಅಂತ ಸಸಿ ತಂದ ದಿನವೇ ಯಾರಾದ್ರೂ ಬಯಲಲ್ಲಿ ನಿಲ್ಲಿಸ್ತಾರೇನೋ? ಮೊದಲು ಬಾಳೆ ನೆರಳು ಬೇಡ್ವಾ?”

ಬೇಕಿತ್ತು. ಹವಳ ಸಾಕುವವರು ಬಾಳೆಯ ಬದಲು ಕಿಟಕಿಯ ಸೊಳ್ಳೆಪರದೆ ಬಳಸುತ್ತಾರೆ: ತೊಟ್ಟಿಯ ಮೇಲೆ ನಾಲ್ಕೈದು ಪದರ ಹಾಸಿ, ಕೆಲವು ದಿನಕ್ಕೊಂದರಂತೆ ತೆಗೆಯುತ್ತ ಬರುವುದು. ಐದು ಪದರ ಹಾಸಿದೆ. ನಮ್ಮ ಕಿಟಕಿಗೆ ಪರದೆ ಇಲ್ಲದಾಯಿತು.

ಅಮ್ಮನಿಗೆ ಕಸಿ, ಕಡ್ಡಿ, ಗೆಡ್ಡೆ ಏನು ಕಂಡರೂ ಕೈ ಸುಮ್ಮನಿರದು. ನಾನು ಹವಳದ ಕೊಂಬೆ ಕತ್ತರಿಸಿ ಗೆಳೆಯನಿಗೆ ಕೊಡುವುದನ್ನು ನೋಡಿ, “ಊರಿಗೊಂದು ತುಂಡು ಒಯ್ಯಲಾ?” ಎಂದಳು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ದಿಬ್ಬ ಕಟ್ಟುವ ಹವಳ ಹುಲಿಯ ಜೊತೆ ಮೊದಲ ಅನುಸೂಚಿಯಲ್ಲೇ ಇದೆ, ಹಿಡಿದರೆ ಜೈಲು ಎಂದೆ. ಬೇಕಾದರೆ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ, ಮುಳುಗಿ ನೋಡಿ ಬರಬಹುದು. “ಈ ಸೊಂಟ ಇಟ್ಕೊಂಡಾ?” ಎಂದು ಅವಳು ಆ ಮಾತು ಅಲ್ಲಿಗೇ ಬಿಟ್ಟಳು.

ಎಲ್ಲ ಜಾಗಕ್ಕೆ ಕೂತವು ಅಂದುಕೊಂಡಾಗ ಸುತ್ತಿಗೆ ಹವಳದ ಒಂದು ಮಗ್ಗುಲು ಕರಗತೊಡಗಿತು. ನೀರು ಪರೀಕ್ಷಿಸಿದೆ, ಉಪ್ಪು ಅಳೆದೆ, ದೀಪ ತಗ್ಗಿಸಿದೆ. ಕಾರಣ ಗೊತ್ತಿದ್ದದ್ದು ಹಗಲು-ರಾತ್ರಿ ಅದಲುಬದಲಾಗಿ ನಿದ್ದೆ ಬಾರದ ಅಮ್ಮನಿಗೆ. ನಸುಕಿನ ಮೂರು ಗಂಟೆಗೆ ಟಾರ್ಚ್ ಹಿಡಿದು ಕೂತು ಕಂಡದ್ದನ್ನು ಕಾಫಿಯ ಹೊತ್ತಿಗೆ ಹೇಳಿದಳು: “ಪಕ್ಕದಲ್ಲಿ ಆ ನಕ್ಷತ್ರದ ಹಾಗಿದೆಯಲ್ಲ, ಹಗಲೆಲ್ಲ ಸಾಧು. ರಾತ್ರಿ ಗೇಣುದ್ದ ದಾರ ಬಿಟ್ಟು ಇದಕ್ಕೆ ಚುಚ್ತದೆ.” ಗ್ಯಾಲಾಕ್ಸಿಯ ಹವಳದ ಗುಣವೇ ಅದು, ಕತ್ತಲಲ್ಲಿ ಉದ್ದನೆಯ ಕುಟುಕು ಎಳೆಗಳನ್ನು ಬೀಸಿ ತನ್ನ ಗಡಿ ಕಾಯುತ್ತದೆ. ಬೆಳಕಿನ ನಕ್ಷೆಯಲ್ಲಿ ಅವೆರಡೂ ಒಂದೇ ಬಣ್ಣದಲ್ಲಿದ್ದವು, ಒಟ್ಟಿಗೆ ಕೂರಿಸಿದ್ದೆ. ಊರಿನಲ್ಲಿ ಬೇಲಿ ಸರಿಸುವವರನ್ನು ಬಲ್ಲ ಅಮ್ಮ, “ಒಂದು ಮೊಳ ದೂರ ಇಡು” ಎಂದು ತೀರ್ಪು ಕೊಟ್ಟಳು. ಇಟ್ಟೆ.

ಅವಳು ಊರಿಗೆ ಮರಳಿ ಎರಡು ತಿಂಗಳಾಯಿತು. ಈ ನಡುವೆ ಮತ್ತೊಂದು ಅಕ್ರೊಪೊರ ತಂದಿದ್ದೇನೆ. ಮೊನ್ನೆ ವಿಡಿಯೊ ಕರೆಯಲ್ಲಿ ಕುಶಲ ಕೇಳುವ ಮೊದಲೇ, “ಬಾಳೆ ಕಡಿದ್ಯಾ?” ಎಂದಳು. ನಾಲ್ಕು ಪದರ ತೆಗೆದಿದ್ದೇನೆ, ಒಂದು ಉಳಿದಿದೆ ಎಂದೆ. ತೋರಿಸು ಎಂದಳು. ಆಗ ಸಂಜೆ. ತೊಟ್ಟಿಯಲ್ಲಿ ಬರೀ ನೀಲಿ ದೀಪ, ಅದರಡಿ ಹವಳಗಳೆಲ್ಲ ಹಸಿರು ಕಿತ್ತಳೆಯಾಗಿ ಹೊಳೆಯುವ ಹೊತ್ತು. ನಾಲ್ಕು ವರ್ಷದ ದುಡ್ಡು, ನಿದ್ದೆ ಎಲ್ಲ ಸುರಿದದ್ದು ಆ ಹೊಳಪಿಗಾಗಿ. ಹೆಮ್ಮೆಯಿಂದ ಫೋನ್ ತಿರುಗಿಸಿದೆ. ಫೋನಿನ ಕ್ಯಾಮೆರಾಕ್ಕೆ ಅದೆಲ್ಲ ಒಂದು ನೀಲಿ ಮಸಿ.

ಅಮ್ಮ ಪರದೆಗೆ ಮೂಗು ತಾಗಿಸಿ ನೋಡಿದಳು.

“ಏನೂ ಕಾಣಲ್ಲ ಮಾರಾಯ. ಮೊದ್ಲು ಲೈಟ್ ಹಾಕು.”